ನರ್ಸಮ್ಮ ಹೇಳಿದ ನಂಬರು

ಮಸ್ಕಿಯ ಬಸ್ ನಿಲ್ದಾಣದ ಎದುರು ಮೆಹರಬಾನು ಎಸ್‌ಟಿಡಿ ಬೂತ್ ತೆರೆದದ್ದು ತೊಂಬತ್ತಾರರಲ್ಲಿ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಒಂದು ಕಾಲು ಸೊರಗಿದ್ದರಿಂದ ಅಂಗವಿಕಲರ ಕೋಟಾದಲ್ಲಿ ಅವಳಿಗೆ ಅದು ಸಿಕ್ಕಿತ್ತು. ಗಂಡ ಮೌಲಾಸಾಬ್ ಲಾರಿ ಓಡಿಸುತ್ತ ಯಾವಾಗಲೋ ಒಮ್ಮೆ ಮನೆಗೆ ಬರುತ್ತಿದ್ದ. ಹಾಗಾಗಿ ಬೂತಿಗೆ ಅವಳೇ ರಾಣಿ, ಅವಳೇ ಕಾವಲು. ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಮೈದುನ ದಸ್ತಗೀರ್‌ಸಾಬ್ ಬಂದು ಕೂಡುತ್ತಿದ್ದ.

ಗಾಜಿನ ಕ್ಯಾಬಿನ್ನಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಮುಚ್ಚಿದ್ದರೂ ಉಪಯೋಗವಿರಲಿಲ್ಲ, ಊರು ಎಷ್ಟು ದೂರವೋ ಅಷ್ಟು ಜೋರಾಗಿ ಕೂಗಬೇಕೆಂದು ಗಿರಾಕಿಗಳೆಲ್ಲ ನಂಬಿದ್ದರು. ಮಾತು ಮುಗಿದ ಕೂಡಲೇ ಯಂತ್ರ ಕಿರ್ರೆಂದು ಚೀಟಿ ಕಕ್ಕುತ್ತಿತ್ತು. ಯಾವ ನಂಬರು, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಎಲ್ಲ ಅದರಲ್ಲಿ. ಒಂದು ಪ್ರತಿ ಗಿರಾಕಿಗೆ, ಇನ್ನೊಂದು ಬೂತಿನಲ್ಲೇ ಸುರುಳಿಯಾಗಿ ಉಳಿಯುತ್ತಿತ್ತು. ಅದನ್ನು ಎಷ್ಟು ದಿನ ಇಟ್ಟುಕೊಳ್ಳಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಿಸಾಕಿದರೆ ನಾಳೆ ಯಾರಾದರೂ ಕೇಳಿಯಾರೆಂದು ಎಲ್ಲವನ್ನೂ ಹಳೆಯ ಎಣ್ಣೆ ಡಬ್ಬಿಗೆ ತುಂಬಿ ಕುರ್ಚಿಯ ಕೆಳಗೆ ಇಟ್ಟಿದ್ದಳು.

ಭಾನುವಾರ ಫೋನಿನ ದರ ಕಡಿಮೆ. ಸರಕಾರಿ ಆಸ್ಪತ್ರೆಯ ನರ್ಸ್ ಆದೆಮ್ಮ ಅವತ್ತೇ ಬಂದು ಬಳ್ಳಾರಿಗೆ ಮಾತಾಡುತ್ತಿದ್ದಳು. "ಹೆಂಗದೀ? ಉಂಡಿಯೇನು?" ಎಂದು ಒಂದೆರಡು ಮಾತು, ಆಮೇಲೆ ಬರೀ ಲೆಕ್ಕ.

"ಮೂರು ಹಾಕು, ಒಂದು ಬಿಡು. ಮತ್ತ ಏಳು. ಏಳಕ್ಕ ನಿಂದ್ರು. ತಪ್ಪಿದ್ರ ಹಿಂದಿಂದೆಲ್ಲಾ ಹೋತು ನೋಡು!"

ಸೈಕಲ್ ಅಂಗಡಿಯ ಬಸ್ಸಪ್ಪ ಇದನ್ನು ಕೇಳಿಸಿಕೊಂಡ. ಮಟಕಾದಲ್ಲಿ ಸೋತೂ ಸೋತೂ ಅವನಿಗೆ ಎಲ್ಲಿ ಅಂಕಿ ಕೇಳಿದರೂ ಕಿವಿ ನೆಟ್ಟಗಾಗುತ್ತಿತ್ತು. ಅವತ್ತು ಮೂವತ್ತೇಳಕ್ಕೆ ಹಚ್ಚಿದ. ಮೂವತ್ತೇಳೇ ಬಂತು.

ಮುಂದಿನ ಭಾನುವಾರ ಬೂತಿನ ಮುಂದೆ ನಿಲ್ಲಲು ಜಾಗವಿಲ್ಲ. ಫೋನ್ ಮಾಡುವವರು ಮಾತ್ರ ಯಾರೂ ಇಲ್ಲ. ಲಿಂಗಸುಗೂರಿನ ಬಸ್ಸು ಬಂದು ಹೋದರೂ ಕೆಲವರು ಲಿಂಗಸುಗೂರಿನ ಬಸ್ಸಿಗೆ ಕಾಯುತ್ತಲೇ ಇದ್ದರು.

"ಏನ್ ಬಾನಕ್ಕ, ಇವತ್ತ ಇಲ್ಲೇ ಸಂತಿ ಕೂಡ್ಯಾದೇನು?" ಎಂದು ನಕ್ಕು ಆದೆಮ್ಮ ಕ್ಯಾಬಿನ್ನಿನೊಳಗೆ ಹೋದಳು.

ಅವಳು ಮಾತು ಮುಗಿಸಿ ಹೋದ ಮೇಲೆ ಬಸ್ಸಪ್ಪ ಮೇಜಿಗೆ ಆನಿಕೊಂಡ. "ಬಾನಕ್ಕ, ನರ್ಸಮ್ಮ ಯಾವ ನಂಬರಿಗೆ ಮಾತಾಡ್ತಾಳ, ಒಂದೀಟು ನೋಡಿ ಹೇಳ್ರಿ. ಸೀದಾ ನಾವೇ ಕೇಳ್ಕಂತೀವಿ."

"ಯಾಕ ಹೇಳಲಿ?"

"ಊರಿಗೆಲ್ಲಾ ಕೇಳೋಹಂಗ ಒದರ್ತಾಳ. ಅದರಾಗ ಮುಚ್ಚಿಡೋದು ಏನೈತ್ರಿ?"

"ಕಿವಿಗೆ ಬಿದ್ದದ್ದು ನಿನ್ನ ನಸೀಬು, ಬಸ್ಸಪ್ಪಣ್ಣ. ನಂಬರು ಆಕೀದು. ನಾ ಕೊಡಂಗಿಲ್ಲ."

ಬಸ್ಸಪ್ಪ ಅಂಗಡಿಗೆ ಮರಳಿದ. ಮರುದಿನ ಮಧ್ಯಾಹ್ನ ದಸ್ತಗೀರ್‌ಸಾಬನ ಸೈಕಲ್ಲಿಗೆ ಪುಕ್ಕಟೆ ಹೊಸ ಚೈನು ಬಿತ್ತು. ಮೆಹರಬಾನು ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದಾಗ ಇತ್ತ ಡಬ್ಬಿಯ ಮುಚ್ಚಳ ತೆರೆಯಿತು. ಭಾನುವಾರದ ಚೀಟಿಗಳಲ್ಲಿ ಬಳ್ಳಾರಿಯ ಕೋಡು ಹುಡುಕುವುದು ಕಷ್ಟದ ಕೆಲಸವೇನಲ್ಲ.

ಗುರುವಾರ ಆದೆಮ್ಮ ಬಿಳಿ ಸೀರೆಯಲ್ಲೇ, ಡ್ಯೂಟಿಯ ನಡುವೆ ಎದ್ದು ಬಂದಳು. ದಸ್ತಗೀರ್‌ಸಾಬ್ ಇನ್ನೂ ಬೂತಿನಲ್ಲೇ ಇದ್ದ; ಮೆಹರಬಾನು ಆಗ ತಾನೇ ಊಟ ಮುಗಿಸಿ ಬಂದಿದ್ದಳು.

"ನನ್ನ ತಂಗಿ ನಂಬರ ಯಾರು ಕೊಟ್ರು ಬಾನಕ್ಕ?"

"ಯಾಕ ನರ್ಸಮ್ಮ, ಏನಾತು?"

ಆದೆಮ್ಮ ನಿಂತೇ ಹೇಳಿದಳು. ತಂಗಿ ಕರೆಮ್ಮ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಹೆರಿಗೆಯವರೆಗೂ ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ್ದರು. "ಬ್ಯಾಸರಾಗಿ ಅಳಾಕತ್ತಿದ್ಲು. ಅದಕ್ಕ ಫೋನಿನ್ಯಾಗ ಕ್ರೋಶಾ ಕಲಸಾಕತ್ತೀನಿ, ಕೂಸಿನ ಟೋಪಿ ಹೆಣೀಲಿ ಅಂತ. ಫೋನು ಮನಿ ಮಾಲಕರದು, ಆಕಿ ಹಾಸಿಗಿತನಕಾ ವಾಯರ್ ಎಳದು ಕೊಡ್ತಿದ್ರು. ಅಲ್ಲಿಗೆ ಸೋಮವಾರದಿಂದ ಯಾರ್‍ಯಾರೋ ಗಂಡಸ್ರು ಫೋನ್ ಮಾಡಿ 'ಇವತ್ತಿನ ನಂಬರ್ ಹೇಳವ್ವಾ' ಅಂತಾರಂತ. ಮಾಲಕತಿ ನನ್ನ ತಂಗಿಗೆ 'ನೀ ಎಂಥಾಕಿ' ಅಂತ ಕೇಳ್ಯಾಳ. ಇನ್ನ ಫೋನ್ ಮುಟ್ಟಬ್ಯಾಡ ಅಂದಾಳಂತ."

ಮೆಹರಬಾನು ಮೈದುನನತ್ತ ತಿರುಗಿದಳು. ಅವನು ತಿರುಗದ ಫ್ಯಾನನ್ನು ನೋಡುತ್ತಿದ್ದ.

"ಒಂದು ನಂಬರಷ್ಟೇ ಅಲ್ಲೇನು ಭಾಬೀ..."

ಅವನಿಗೆ ಬೈಯಲು ಹೊರಟವಳು ಅರ್ಧಕ್ಕೆ ನಿಲ್ಲಿಸಿದಳು. ಕೊಟ್ಟವನು ಅವನು, ಆದರೆ ಯಾರು ಬೇಕಾದರೂ ಕೈ ಹಾಕುವ ಹಾಗೆ ತುಂಬಿಸಿಟ್ಟವಳು ತಾನೇ.

"ಕೂಡ್ರಿ ನರ್ಸಮ್ಮ" ಎಂದು ತನ್ನ ಕುರ್ಚಿ ಕೊಟ್ಟು, ಕುಂಟುತ್ತ ಸೈಕಲ್ ಅಂಗಡಿಗೆ ಹೋಗಿ ಬಸ್ಸಪ್ಪನನ್ನು ಕರೆತಂದಳು. ದಾರಿಯಲ್ಲೇ ವಿಷಯ ಕೇಳಿ ಅವನ ಮುಖ ಸಣ್ಣದಾಗಿತ್ತು.

"ಬಸುರಿ ಹೆಣ್ಮಗಳಾ? ಯಲ್ಲಮ್ಮನಾಣಿ ಗೊತ್ತಿರಲಿಲ್ರಿ."

"ಗೊತ್ತಾತಲ್ಲ ಈಗ. ಹಚ್ಚು ಫೋನು. ಮಾಲಕತಿಗೆ ನಿನ್ನ ಬಾಯಾಗೇ ಹೇಳು."

ಬಸ್ಸಪ್ಪ ಎರಡೂ ಕೈಯಿಂದ ರಿಸೀವರ್ ಹಿಡಿದ. "ಅಮ್ಮಾರ, ನಾ ಮಸ್ಕಿಯಿಂದ ರೀ, ನಂಬರ್ ಕೇಳಿದ್ನಲ್ರಿ..." ಅಷ್ಟಕ್ಕೇ ಆ ಕಡೆಯಿಂದ ಬೈಗುಳದ ಸುರಿಮಳೆ ಶುರುವಾಯಿತು. ಹೊರಗೆ ನಿಂತವರಿಗೂ ಕೇಳಿಸುವಷ್ಟು ಗಟ್ಟಿ ಗಂಟಲು ಅದು. "ಹೂಂ ರೀ. ತಪ್ಪಾತ್ರಿ. ಹೂಂ ರೀ" ಎಂದು ಬಸ್ಸಪ್ಪ ಬೆವರಿದ. ಕೊನೆಗೆ ಉಸಿರು ಸಿಕ್ಕಾಗ ಹೇಳಿದ: "ಅವು ಮಟಕಾ ನಂಬರಲ್ರಿ ಅಮ್ಮಾರ. ಕೂಸಿನ ಟೋಪಿ ಹೆಣೆಯೋ ಲೆಕ್ಕರಿ. ಕೂಸಿಗೆ ಹೆಣೆದ ಟೋಪಿ ನಾವೆಲ್ಲಾ ಹಾಕ್ಕೊಂಡೀವಿ."

ಆ ಕಡೆ ಮಾಲಕತಿ ನಕ್ಕಿದ್ದು ಬೂತಿನ ಹೊರಗೂ ಕೇಳಿಸಿತು. "ಕರೆಮ್ಮನ ಅಕ್ಕಗ ಕೊಡು" ಎಂದಳು. ಆದೆಮ್ಮ ಒಳಗೆ ಹೋಗಿ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದುಕೊಂಡಳು. ಮೆಹರಬಾನು ಹೊರಗಿನವರನ್ನೆಲ್ಲ ರಸ್ತೆಯ ಆಚೆಗೆ ಅಟ್ಟಿದಳು.

ಮರುವಾರ ಅವಳು ಸಿಂಧನೂರಿಗೆ ಹೋಗಿ ಅಲ್ಲಿಯ ಬೂತಿನವರನ್ನು ವಿಚಾರಿಸಿದಳು. ಒಬ್ಬ ಎಲ್ಲ ಚೀಟಿಗಳನ್ನು ಗೋಣಿಚೀಲದಲ್ಲಿ ತುಂಬಿಟ್ಟಿದ್ದ, ಯಾಕೆಂದು ಅವನಿಗೂ ಗೊತ್ತಿಲ್ಲ. ಇನ್ನೊಬ್ಬನ ಚೀಟಿಗಳು ಪಕ್ಕದ ಮಿರ್ಚಿ ಬಜ್ಜಿಯ ಬಂಡಿಗೆ ಹೋಗುತ್ತಿದ್ದವು. ಜನ ಯಾರದೋ ನಂಬರಿಗೆ ಎಣ್ಣೆ ಒರೆಸಿ ಎಸೆಯುತ್ತಿದ್ದರು. ಅವಳಿಗೆ ಎರಡೂ ಹಿಡಿಸಲಿಲ್ಲ. ವಾಪಸು ಬರುವ ಬಸ್ಸಿನಲ್ಲೇ ತೀರ್ಮಾನ ಮಾಡಿದಳು. ತಿಂಗಳ ಬಿಲ್ಲು ಬಂದು ತಾಳೆಯಾಗುವ ತನಕ ಚೀಟಿಗಳು ಬೀಗ ಹಾಕಿದ ಟ್ರಂಕಿನಲ್ಲಿ. ತಾಳೆಯಾಯಿತೋ, ಅವತ್ತೇ ಬಚ್ಚಲ ಒಲೆಗೆ. ಬೀಗದ ಕೈ ಅವಳ ಸೊಂಟದಲ್ಲಿ.

ಇದರಿಂದ ಎಲ್ಲರಿಗೂ ಒಳ್ಳೆಯದೇ ಆಯಿತೆಂದಲ್ಲ. ಜವಳಗೇರಾದ ಗದ್ದೆಪ್ಪ ಒಂದು ದಿನ ಬಿಸಿಲಲ್ಲಿ ಬಂದು, ರಾಯಚೂರಿನ ಬೀಜದ ಅಂಗಡಿಗೆ ತಾನು ಮುಂಗಾರಿಗೆ ಮೊದಲೇ ಫೋನ್ ಮಾಡಿದ್ದಕ್ಕೆ ಪುರಾವೆ ಬೇಕೆಂದ. ಅಂಗಡಿಯವನು ಫೋನೇ ಬಂದಿಲ್ಲ ಎನ್ನುತ್ತಿದ್ದನಂತೆ.

"ಸುಟ್ಟೀನಿ ಗದ್ದೆಪ್ಪಣ್ಣ."

"ಸುಟ್ಟಿ? ನನ್ನ ಸಾಕ್ಷಿನ ಸುಟ್ಟೆಲ್ಲಬೇ!"

"ನಿನ್ನ ಚೀಟಿ ನಿನಗ ಕೊಟ್ಟಿದ್ನಲ್ಲ?"

"ಬೀಡಿ ಹಚ್ಚಿಕೊಂಡೆ" ಎಂದು ಅವನು ಗೊಣಗಿ ಹೋದ. ಮೆಹರಬಾನು ಅವನ ಬೆನ್ನು ಮರೆಯಾಗುವ ತನಕ ನೋಡಿದಳು. ಆದರೂ ಪದ್ಧತಿ ಬಿಡಲಿಲ್ಲ. ಅಂದಿನಿಂದ ಪ್ರತಿ ಗಿರಾಕಿಗೂ, "ಬೇಕಾಗೋದಿದ್ರ ಜ್ವಾಪಾನ ಮಾಡ್ರಿ, ನನ್ನ ಹತ್ರ ಉಳಿಯಂಗಿಲ್ಲ" ಎಂದು ಹೇಳಿಯೇ ಚೀಟಿ ಕೊಡುತ್ತಿದ್ದಳು.

ಭತ್ತದ ಕೊಯ್ಲಿನ ಹೊತ್ತಿಗೆ, ಒಂದು ಬೆಳಿಗ್ಗೆ ಬೂತಿನ ಫೋನೇ ಗಣಗಣಿಸಿತು. ಬಳ್ಳಾರಿಯ ಮಾಲಕತಿ. ಆದೆಮ್ಮನ ಆಸ್ಪತ್ರೆಯ ಫೋನು ಸಿಗುತ್ತಿಲ್ಲವಂತೆ. ಮೆಹರಬಾನು ಹೂಂಗುಟ್ಟುತ್ತ ಕೇಳಿದಳು. ಮುಖವೆಲ್ಲ ಹಲ್ಲಾಯಿತು.

ಎದುರಿನಿಂದ ಬಸ್ಸಪ್ಪ ಓಡಿ ಬಂದ. "ಬಳ್ಳಾರೀದಾ? ಏನಾತ ಬಾನಕ್ಕ? ಗಂಡೋ ಹೆಣ್ಣೋ?"

"ಮೊದಲು ನರ್ಸಮ್ಮಗ ಹೇಳಬೇಕು" ಎಂದು ಅವಳು ಬೂತಿಗೆ ಬೀಗ ಹಾಕಿದಳು.

"ಆ ಕಾಲಾಗ ಎಷ್ಟೊತ್ತಿಗೆ ಮುಟ್ತೀರಿ? ಕೂಡ್ರಿ, ಬಿಡ್ತೀನಿ."

ಅವಳು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತಳು. ಬಸ್ಸಪ್ಪ ಪೆಡಲ್ ತುಳಿಯುತ್ತ ಆಸ್ಪತ್ರೆಯ ಗೇಟಿನವರೆಗೂ ಕೇಳುತ್ತಲೇ ಇದ್ದ. ಅವಳು ನಗುತ್ತಿದ್ದಳೇ ಹೊರತು ಹೇಳಲಿಲ್ಲ.