ಹದಿನೈದನೆಯ ಹೆಸರು

ನಮ್ಮ ಕ್ರೈಸ್ತ ದೇವಾಲಯದ ಬಾಗಿಲ ಬಳಿ ಒಂದು ಕಲ್ಲಿನ ತೊಟ್ಟಿಯಿತ್ತು. ಮಕ್ಕಳ ತಲೆಗೆ ನೀರು ಹಾಕಿ, ಹೆಸರಿಟ್ಟು ದೀಕ್ಷಾಸ್ನಾನ ಕೊಡುವ ಭಾನುವಾರ ಅದನ್ನು ತೊಳೆದು, ಬಾವಿಯಿಂದ ಹೊಸ ನೀರು ಸೇದಿ ತುಂಬುವುದು ಗಂಟೆ ಬಾರಿಸುವವನಾದ ನನ್ನ ಕೆಲಸ. ಆರಾಧನೆ ಮುಗಿದ ಮೇಲೆ ಆ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲುವಂತಿರಲಿಲ್ಲ. ಅಂಗಳದ ನಂದಿಬಟ್ಟಲಿನ ಬುಡಕ್ಕೆ ಹುಯ್ಯಬೇಕು. ಐವತ್ತು ವರ್ಷ ಹಾಗೆಯೇ ಹುಯ್ದೆ. ಸಭೆಯ ಅರ್ಧ ಜನರ ಹಣೆ ನೆನೆದದ್ದು ನಾನು ಸೇದಿದ ನೀರಿನಿಂದ. ಅವರಲ್ಲಿ ಕೆಲವರು ಆಗಲೇ ಅಜ್ಜಂದಿರಾಗಿ ನನಗೇ ಬುದ್ಧಿ ಹೇಳುತ್ತಿದ್ದರು.

ಐವತ್ತನೆಯ ವರ್ಷ ನನ್ನನ್ನು ಸಭೆಯ ಹಿರಿಯನನ್ನಾಗಿ ಮಾಡಬೇಕೆಂದು ಎಲ್ಲರೂ ಒಪ್ಪಿದರು. ಅದಕ್ಕೆ ದೀಕ್ಷಾಸ್ನಾನದ ತಾರೀಖು ಬೇಕಿತ್ತು. ಸಭಾಪಾಲಕರಾದ ಕೃಪಾನಿಧಿ ಅಯ್ಯನವರು ಹಳೆಯ ದಾಖಲೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಮನೆಗೇ ಬಂದರು. ನನಗೊಬ್ಬ ಮಗ ಹುಟ್ಟಿದ್ದರೆ ಅವರಷ್ಟೇ ವಯಸ್ಸಾಗಿರುತ್ತಿತ್ತು.

"ನಥಾನಿಯೇಲಣ್ಣ, ಅನಾಥಾಲಯದ ಹುಡುಗರು ನೀವು ಹದಿನೈದು ಜನ ಅಲ್ವಾ? ಇಲ್ಲಿ ಹದಿನಾಲ್ಕೇ ಹೆಸರಿದೆ. ಬರೆದೋರು ನಿಮ್ಮನ್ನ ಬಿಟ್ಟುಬಿಟ್ಟಿದ್ದಾರೆ. ಕೆಳಗೆ ಜಾಗ ಇದೆ, ನಾಳೆ ಸೇರಿಸಿಬಿಡ್ತೀನಿ."

"ಹೂಂ" ಅಂದೆ.

ಬರೆದವರು ಬಿಟ್ಟಿರಲಿಲ್ಲ. ಆ ಹದಿನಾಲ್ಕು ಜನಕ್ಕೆ ಸ್ನಾನವಾದ ಭಾನುವಾರ ನಾನು ಮಂಗನಬಾವು ಬಂದು, ಕೆನ್ನೆ ಊದಿಸಿಕೊಂಡು ಚಾಪೆಯ ಮೇಲೆ ಬಿದ್ದಿದ್ದೆ. ಉಳಿದವರು ಒದ್ದೆ ತಲೆಯಲ್ಲಿ ಬಂದು, ತಮಗೆ ಸಿಕ್ಕ ಹೊಸ ಹೆಸರುಗಳನ್ನು ಕೂಗಿಕೊಂಡು ಆಡಿದರು. ನನ್ನನ್ನು ಯಾರೂ ಕರೆಯಲಿಲ್ಲ. ಮುಂದಿನ ತಿಂಗಳು ಬೇರೆ ಊರಿನಿಂದ ಬಂದ ಹೊಸ ಮೇಲ್ವಿಚಾರಕಿ ಒಬ್ಬೊಬ್ಬರ ಹೆಸರು ಕೇಳಿದಾಗ, "ನಥಾನಿಯೇಲ" ಎಂದುಬಿಟ್ಟೆ. ನನಗೂ ಆಮೇಲೆ ಸ್ನಾನವಾಗಿರಬೇಕೆಂದು ಹುಡುಗರು ನಂಬಿದರು. ಇವನಲ್ಲಿ ಕಪಟವಿಲ್ಲವೆಂದು ಯೇಸುಸ್ವಾಮಿ ಹೊಗಳಿದ ಮನುಷ್ಯನ ಹೆಸರು ಅದು. ಸುಳ್ಳಿಗೂ ಒಂದು ಅಳತೆ ಬೇಡವೇ?

ಆ ಹೆಸರಿನಲ್ಲೇ, ದೀಕ್ಷಾಸ್ನಾನವಾದವರಿಗಷ್ಟೇ ಕೊಡುವ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡೆ, ಆ ಹೆಸರಿನಲ್ಲೇ ಸಲೋಮಿಯನ್ನು ಮದುವೆಯಾದೆ. ಕರೆಯದ ಮದುವೆಯಲ್ಲಿ ಊಟಕ್ಕೆ ಕುಳಿತವನಿಗೆ ಪಕ್ಕದವನು ಸುಮ್ಮನೆ ನೋಡಿದರೂ ಎದೆ ಹಾರುತ್ತದೆ. ನಾನು ಹಾಗೆ ಅರವತ್ತು ವರ್ಷ ಕುಳಿತಿದ್ದೆ. ಸಲೋಮಿಗಾದರೂ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. "ನೀವು ನಿಮ್ಮ ಹೆಸರಿನ ಹಾಗೇ ಕಣ್ರೀ" ಎಂದು ಅವಳು ನಗುತ್ತಿದ್ದಳು. ನನ್ನ ಬಾಯಿ ಮುಚ್ಚಿಹೋಗುತ್ತಿತ್ತು. ಕೊನೆಗೆ ತಿಳಿಯದೆಯೇ ಅವಳು ಹೋದಳು. ಅವಳಿರುವಾಗಲೂ ನಾನು ಒಂಟಿಯೇ ಆಗಿದ್ದೆನೆಂದು ಆಮೇಲೆ ಅರ್ಥವಾಯಿತು.

ಮರುದಿನ ಬೆಳಗ್ಗೆ ಗಂಟೆ ಬಾರಿಸಿ ನೇರವಾಗಿ ಅಯ್ಯನವರ ಮನೆಗೆ ಹೋದೆ. ಪುಸ್ತಕ ಮೇಜಿನ ಮೇಲಿತ್ತು. ಸಭೆಯ ಹಿರಿಯರಲ್ಲೊಬ್ಬನಾದ ಜ್ಞಾನಮಿತ್ರನೂ ಕುಳಿತಿದ್ದ. ಅವನ ತಂದೆ ಆ ಹದಿನಾಲ್ಕು ಹುಡುಗರಲ್ಲಿ ಒಬ್ಬ, ನನ್ನ ಗೆಳೆಯ.

"ಅದನ್ನ ಬರೀಬೇಡಿ ಅಯ್ಯನೋರೆ. ನನಗೆ ಸ್ನಾನ ಆಗೇ ಇಲ್ಲ" ಎಂದು ಎಲ್ಲವನ್ನೂ ಹೇಳಿದೆ.

ಅಯ್ಯನವರು ಲೇಖನಿ ಕೆಳಗಿಟ್ಟರು. ಜ್ಞಾನಮಿತ್ರ ಎದ್ದು ನಿಂತ. "ನಮ್ಮಪ್ಪನ ಜೊತೆ ಒಂದೇ ತಟ್ಟೇಲಿ ಉಂಡೋನು ನೀನು. ಅವನು ಸಾಯೋವಾಗ ಪಕ್ಕದಲ್ಲೇ ಕೂತು ಪ್ರಾರ್ಥನೆ ಮಾಡ್ದೆ. ಅವನಿಗೂ ಹೇಳ್ಲಿಲ್ಲ. ಇನ್ನು ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಮುಚ್ಚಿಕೊಂಡಿದ್ದು ಸಾಕಾಯ್ತು ಕಣಪ್ಪ."

ಹಿರಿಯತನ ಹೋಗಲಿ, ಗಂಟೆಯ ಹಗ್ಗವೂ ಬೇರೊಬ್ಬರ ಕೈಗೆ ಹೋಯಿತು. ನಾನು ಕೂರುತ್ತಿದ್ದ ಬೆಂಚಿಗೆ ಆಮೇಲೆ ಯಾರೂ ಬರಲಿಲ್ಲ. ಅವರದು ತಪ್ಪೆನ್ನಲಾರೆ. ಆದರೂ ಹಗ್ಗ ನೆನಪಾದಾಗಲೆಲ್ಲ ಅಂಗೈ ನೋಯುತ್ತಿತ್ತು. ನಾನು ಕೇಳಿಕೊಂಡದ್ದು ಒಂದನ್ನೇ. ನನಗೆ ಈಗ ಕೊಡಬೇಕಾದ ಸ್ನಾನ ಗುಟ್ಟಾಗಿ ಬೇಡ, ಎಲ್ಲರ ಮುಂದೆ ಆಗಲಿ ಎಂದೆ. ಅಯ್ಯನವರು ಒಪ್ಪಿದರು.

ಗೊತ್ತುಮಾಡಿದ ಭಾನುವಾರ ತೊಟ್ಟಿಯನ್ನು ನಾನೇ ತೊಳೆದು ತುಂಬಿದೆ. ಸ್ನಾನದ ಹೊತ್ತಿಗೆ ಮನೆಯವರೋ ಬಂಧುಗಳೋ ಮುಂದೆ ಬಂದು ಹೆಸರು ಹೇಳಬೇಕು. ಅದು ನಮ್ಮಲ್ಲಿ ನಡೆದುಬಂದ ಪದ್ಧತಿ.

"ಹೆಸರು ಹೇಳೋರು ಯಾರಿದ್ದೀರಿ?" ಎಂದು ಅಯ್ಯನವರು ಕೇಳಿದರು. ಯಾರೂ ಏಳಲಿಲ್ಲ. ಜ್ಞಾನಮಿತ್ರ ಕೀರ್ತನೆಯ ಪುಸ್ತಕದ ಹಾಳೆ ಮಗುಚುತ್ತಿದ್ದ. ಅಯ್ಯನವರು ನನ್ನ ಕಡೆ ತಿರುಗಿದರು. ಬಳಿಕ ಮೆಲ್ಲಗೆ, "ನೀವೇ ಹೇಳಿ" ಎಂದರು.

ನಥಾನಿಯೇಲ ಎನ್ನಲು ನಾಲಿಗೆ ಏಳಲಿಲ್ಲ. ಬರಗಾಲದಲ್ಲಿ ಸತ್ತ ನನ್ನವ್ವ ನನ್ನನ್ನು ಕರೆಯುತ್ತಿದ್ದ ಹೆಸರು ಬಾಯಿಗೆ ಬಂತು.

"ಕೆಂಚ" ಅಂದೆ.

ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಸಲ ತಲೆಯ ಮೇಲೆ ನೀರು ಬಿತ್ತು. ಐವತ್ತು ವರ್ಷ ಆ ನೀರು ಸೇದಿದ್ದವನಿಗೆ ಅದು ಅಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ತೊಟ್ಟಿಯ ನೀರನ್ನು ಬಕೆಟ್ಟಿಗೆ ತುಂಬಿಕೊಂಡೆ. ನಂದಿಬಟ್ಟಲನ್ನು ದಾಟಿ, ಹಿಂದಿನ ಸ್ಮಶಾನದ ಗೇಟು ತೆರೆದು, ಸಲೋಮಿಯ ಸಮಾಧಿಯ ಹತ್ತಿರ ಕುಳಿತೆ. ಅವಳ ತಲೆಯ ಕಡೆ ಒಣಗಿದ ಹುಲ್ಲಿತ್ತು. ಅದರ ಮೇಲೆ ಸ್ವಲ್ಪ ಸ್ವಲ್ಪವಾಗಿ ನೀರು ಹುಯ್ದೆ.

"ಸಲೋಮಿ, ನನ್ನ ಹೆಸರು ಕೆಂಚ" ಅಂದೆ.

ಮಣ್ಣು ಅಷ್ಟು ನೀರನ್ನೂ ಕುಡಿಯಿತು.