ಮಿಸ್ತ್ರಿ ವೈಜಿನಾಥ ಅಂದ ಮಾತು

"ಫಟಫಟಿ ಅಂದ್ರ ಹಸಗೂಸು ಇದ್ದಂಗ ನೋಡ್ರಿ. ಮಾತು ಬರಲ್ಲ, ಅಳ್ತದ ಅಷ್ಟೇ. ಯಾವ ಅಳುವಿಗಿ ಏನ್ ಅರ್ಥ ಅಂತ ತಾಯಿಗಿ ತಿಳೀಬೇಕು. ಕರಿ ಹೊಗಿ ಉಗುಳಿ ಎಡವಿ ಎಡವಿ ಓಡ್ಲತ್ತದ ಅಂದ್ರ ಕಾರ್ಬುರೇಟರ್ ಮಿತಿಮೀರಿ ಕುಡಸ್ಲತ್ತದ, ಅಜೀರ್ಣ ಆಗ್ಯದ. ಹಿಂದಕ್ಕ ಸೀನಿ ಮೈ ಕಾಯ್ಲತ್ತದ ಅಂದ್ರ ಜೆಟ್ಟಿನ ತೂತಿನ್ಯಾಗ ಕಸ ಕುಂತದ, ಹಸಿವಿ ಆಗ್ಯದ. ನಿಂತಲ್ಲೇ ಪೆಟ್ರೋಲ್ ತೊಟತೊಟ ಬೀಳ್ಲತ್ತದ ಅಂದ್ರ ಒಳಗಿನ ತೇಲುಬುಡ್ಡಿ ಮುಳುಗ್ಯದ. ಗಾಡಿ ಸುಳ್ಳು ಹೇಳಲ್ಲರಿ. ಸುಳ್ಳು ಹೇಳಾವ ಮನಷಾ. ಎಣ್ಣಿ ಮಾರಾವ ಇರಲಿ, ಗಾಡಿ ಓಡ್ಸಾವ ಇರಲಿ, ಅವನೇ ಹೇಳ್ತಾನ. ಅದಕ್ಕ ನಾ ಮಾಲಕನ ಮಾತು ಕೇಳಲ್ಲ. ಬಾಯಿ ಮುಚ್ಚಿ ದೂರ ನಿಂದ್ರರಿ ಅಂತೇನಿ, ಕಿವಿ ಹಚ್ಚತೇನಿ. ಬರೋಬ್ಬರಿ?"

ಬೀದರ ಪಕ್ಕದ ನೌಬಾದಿನ ಮಿಸ್ತ್ರಿ ವೈಜಿನಾಥ ಹೀಗೆ ಶುರುವಿಟ್ಟನೆಂದರೆ, ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಶಾಂತಾಬಾಯಿಗೆ ಅಂಗಳಕ್ಕೆ ಬಂದ ಗಿರಾಕಿಯ ಅಂತಸ್ತು ಎಷ್ಟೆಂಬುದು ಹೊರಗೆ ಇಣುಕದೆಯೇ ತಿಳಿಯುತ್ತಿತ್ತು. ಏಕೆಂದರೆ ಗಿರಾಕಿ ದೊಡ್ಡವನಾದಷ್ಟೂ ಭಾಷಣ ಉದ್ದವಾಗುತ್ತಿತ್ತು. ಬೀದರಿಗೆ ರೇಲು ಬಂದು ಹೆಚ್ಚು ವರ್ಷಗಳಾಗಿರಲಿಲ್ಲ. ಮೋಟಾರುಗಾಡಿಯ ಮೈ ಮುಟ್ಟಿ ನೋಡಿದವರೇ ವಿರಳವಾಗಿದ್ದ ಆ ದಿನಗಳಲ್ಲಿ ಹೈದರಾಬಾದಿನಲ್ಲಿ ಹಳತಾಗಿ, ಕೈಯಿಂದ ಕೈಗೆ ದಾಟಿ ಈ ಕಡೆ ಬರುತ್ತಿದ್ದ ಫಟಫಟಿ ಮೋಟಾರುಸೈಕಲ್ಲುಗಳಿಗೆಲ್ಲ ವೈಜಿನಾಥನೇ ವೈದ್ಯ, ಅವನೇ ಜೋಯಿಸ. ಎರಡು ಮೊಣಕಾಲುಗಳ ನಡುವೆ ಕಾಣದ ಗಾಡಿಯೊಂದು ಇದೆಯೇನೋ ಎಂಬಂತೆ ಕಾಲಗಲಿಸಿ ನಡೆಯುತ್ತಿದ್ದ. ಯಾವುದೋ ಲಷ್ಕರಿ ಸಾಹೇಬನ ಮೈಯಿಂದ ಇಳಿದ ಖಾಕಿ ಕೋಟೊಂದನ್ನು, ಬೀದರಿನ ಬಿಸಿಲು ಕೆಂಪು ಕಲ್ಲನ್ನು ಸೀಳುವ ವೈಶಾಖದಲ್ಲೂ ಬಿಡುತ್ತಿರಲಿಲ್ಲ; ಅದರ ಜೇಬುಗಳಲ್ಲಿ ನಟ್ಟು ತಿರುಗಿಸುವ ಪಾನಾಗಳು ಗೆಜ್ಜೆಯಂತೆ ಸದ್ದು ಮಾಡುತ್ತಿದ್ದವು. ಎಂಜಿನಿಗೆ ಕಿವಿ ಕೊಟ್ಟಾಗ ಎಡಗಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಧರಿಸಿದ ಮೇಲೆ, ಬೆರಳಿಗೆ ಅಂಟಿದ ಹಸಿ ವಿಭೂತಿಯನ್ನು ಅಂಗಳದಲ್ಲಿ ನಿಂತ ಗಾಡಿಯ ಪೆಟ್ರೋಲು ಟಾಕಿಯ ಹಿತ್ತಾಳೆ ಮುಚ್ಚಳಕ್ಕೂ ಮೂರು ಎಳೆ ಎಳೆಯುತ್ತಿದ್ದ. "ಅದರದೂ ಹಣಿ ಬರಿದು ಇರಬಾರದು," ಎನ್ನುತ್ತಿದ್ದ.

ಹತ್ತಿ ವ್ಯಾಪಾರಿ ಕಾಶೀರಾಮನ ಫಟಫಟಿ ಆ ವರ್ಷ ಬೇಸಿಗೆಯ ಉದ್ದಕ್ಕೂ ವೈಜಿನಾಥನ ಅಂಗಳದಲ್ಲೇ ಇತ್ತು. ವೈಜಿನಾಥ ಅದರ ಹೊಟ್ಟೆಯನ್ನೆಲ್ಲ ಬಿಚ್ಚಿ ತೊಳೆದು, ಜೆಟ್ಟು ಊದಿ, ನಳಿಗೆ ಬದಲಿಸಿ ಜೋಡಿಸಿದ. ಪರೀಕ್ಷೆಗೆಂದು ಇಬ್ಬರೂ ಅದನ್ನೇರಿ ಭಾಲ್ಕಿಯ ಸಂತೆಗೆ ಹೊರಟರು. ಗಾಡಿ ಹೂವಿನಂತೆ ಹೋಯಿತು. ಸ್ವಲ್ಪ ದೂರ ಹೋಗಿ ಬಾಯಾರಿದ ಎತ್ತಿನಂತೆ ನಿಂತಿತು. ವೈಜಿನಾಥ ಇಳಿದು ಟಾಕಿಯ ಮುಚ್ಚಳ ತೆರೆದು ಪೆಟ್ರೋಲು ನೋಡಿದ, ಬೆರಳಿಗೆ ಹಚ್ಚಿ ಮೂಸಿದ, ಮುಚ್ಚಳ ಹಾಕಿ ಒದ್ದ. ಗಾಡಿ ಶುರುವಾಯಿತು. ಮತ್ತೆ ಅಷ್ಟೇ ದೂರ, ಮತ್ತೆ ಅದೇ ಕತೆ. ಮೊದಮೊದಲು ಕಾಶೀರಾಮ, "ಮಿಸ್ತ್ರಿ ಕೈ ಮುಟ್ಟಿದ್ರ ಸಾಕು, ಎದ್ದು ಕುಂದುರ್ತದ ನೋಡ್ರಿ," ಎಂದು ಹೊಗಳಿದ; ಭಾಲ್ಕಿ ಸಮೀಪಿಸುವ ಹೊತ್ತಿಗೆ, "ಮಿಸ್ತ್ರಿ, ಇದು ಗಾಡಿ ಅದನೋ, ಮಾವನ ಮನಿಗಿ ಹೊಂಟ ಹೊಸ ಸೊಸಿ ಅದನೋ?" ಎಂದು ನಗಾಡತೊಡಗಿದ.

ಆ ನಗು ವೈಜಿನಾಥನಿಗೆ ಚುಚ್ಚಿತು. ಸಂತೆಯ ನಟ್ಟನಡುವೆ ನೌಬಾದಿನ ಅಬ್ದುಲ ಮಜೀದ ತನ್ನ ಡಬ್ಬಿಗಳನ್ನಿಟ್ಟುಕೊಂಡು ಕುಳಿತಿದ್ದ. ವೈಜಿನಾಥನ ಮನೆಯಿಂದ ಎರಡು ಮನೆ ಆಚೆಗೆ ಅವನ ಎಣ್ಣೆ ಅಂಗಡಿ. ದೀಪದೆಣ್ಣೆಯೂ ಅವನಲ್ಲೇ, ಪೆಟ್ರೋಲೂ ಅವನಲ್ಲೇ. ಗಾಡಿಗೆ ತುಂಬಿದ್ದೂ ಅವನ ಡಬ್ಬಿಯದೇ. ವೈಜಿನಾಥ ಅವನೆದುರು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಸಂತೆಯೆಲ್ಲ ಕೇಳುವಂತೆ ಅಂದುಬಿಟ್ಟ:

"ಮಜೀದಾ, ಪೆಟ್ರೋಲಿನ್ಯಾಗ ದೀಪದ ಗ್ಯಾಸೆಣ್ಣಿ ಬೆರಸ್ತೀದಿ. ನನ್ನ ಕಿವಿಗಿ ಗೊತ್ತಾಗಲ್ಲ ಅಂತ ತಿಳದೀದೇನು?"

ವೈಜಿನಾಥನ ಕಿವಿಯ ಮಾತೆಂದರೆ ಆ ಸೀಮೆಯಲ್ಲಿ ಕಾಜಿಯ ತೀರ್ಪು. ಆ ಸಂಜೆ ಮಜೀದ ತಂದ ಡಬ್ಬಿಗಳನ್ನು ತಂದ ಹಾಗೆಯೇ ಬಂಡಿಗೆ ಏರಿಸಿಕೊಂಡು ಹಿಂತಿರುಗಿದ. ಪೆಟ್ರೋಲಿನ ಮೇಲೆ ಹುಟ್ಟಿದ ಸಂಶಯ ದೀಪದೆಣ್ಣೆಗೂ ಹಬ್ಬಿತು. ಔರಾದ ಕಡೆಯ ಎಕಂಬಾದಿಂದ ಬಂದ ಶಾಂತಾಬಾಯಿಯ ತಮ್ಮ ಕೂಡ, "ನಮ್ಮ ಕಡಿಗೂ ಇದೇ ಮಾತದ. ಮಾವ ಅಂದಾನಂದ್ರ ಖರೇನೇ ಇರ್ತದ," ಎಂದು ಅಭಿಮಾನದಿಂದ ಹೇಳಿ ಹೋದ. ಮಜೀದನ ಹೆಂಡತಿ ಆಬೇದಾ ಮಜ್ಜಿಗೆ ಕೇಳಲು ಹಿತ್ತಲ ಬಾಗಿಲಿಗೆ ಬರುವುದು ನಿಂತುಹೋಯಿತು. ಶಾಂತಾಬಾಯಿ ಸೀಸೆಯನ್ನು ಸೆರಗಿನೊಳಗೆ ಮರೆಮಾಡಿಕೊಂಡು, ಆ ಅಂಗಡಿ ದಾಟುವಾಗ ತಲೆ ತಗ್ಗಿಸಿ, ಬೀದರ ಪೇಟೆಯವರೆಗೂ ನಡೆದು ದೀಪದೆಣ್ಣೆ ತರತೊಡಗಿದಳು.

ಒಂದು ಮಧ್ಯಾಹ್ನ ಮಜೀದನೇ ಅಂಗಳಕ್ಕೆ ಬಂದ. ಕೈಯಲ್ಲಿ ಪೆಟ್ರೋಲಿನ ಡಬ್ಬಿ, ಹೆಗಲ ಮೇಲೆ ಒಗೆದ ಬಿಳಿ ಅರಿವೆ.

"ಮಿಸ್ತ್ರಿ, ಜಗಳಕ್ಕ ಬಂದಿಲ್ಲ. ಈ ಅರಿವಿ ಮ್ಯಾಲ ನನ್ನ ಪೆಟ್ರೋಲ್ ನೀನೇ ಸುರಿ. ಗ್ಯಾಸೆಣ್ಣಿ ಇದ್ರ ಜಿಡ್ಡಿನ ಕಲಿ ಉಳೀತದ. ನಿಂಗೂ ಗೊತ್ತದಲ್ಲಾ?"

ಗೊತ್ತಿತ್ತು. ಸುರಿದ. ಬಿಸಿಲಿಗೆ ಹರವಿದ ಅರಿವೆ ನೋಡನೋಡುತ್ತ ಒಣಗಿತು, ಮಲ್ಲಿಗೆಯಂತೆ ಬೆಳ್ಳಗೆ. ಮೂಸಿದರೆ ವಾಸನೆಯೂ ಇಲ್ಲ. ಮಜೀದ ಅದನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಬಂದ ಹಾಗೆಯೇ ಹೋದ.

ವೈಜಿನಾಥ ಇನ್ನೂ ಅಂಗಳದಲ್ಲೇ ಇದ್ದ ಕಾಶೀರಾಮನ ಗಾಡಿಯನ್ನು ಒದ್ದು ಶುರುಮಾಡಿ, ಕಣ್ಣು ಮುಚ್ಚಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಗಾಡಿ ಓಡಿತು, ಓಡಿತು, ಉಸಿರು ಕಟ್ಟಿದಂತಾಗಿ ಸತ್ತಿತು. ಮುಚ್ಚಳ ತಿರುಗಿಸಿದ. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಹೊಸ್ತಿಲಲ್ಲಿ ನಿಂತ ಶಾಂತಾಬಾಯಿಗೂ ಆ ಸದ್ದು ಕೇಳಿಸಿತು. ಭಾಲ್ಕಿಯ ದಾರಿಯುದ್ದಕ್ಕೂ, ಮುಚ್ಚಳ ತೆರೆದಾಗಲೆಲ್ಲ, ಇದೇ ಸದ್ದು ಅವನ ಕಿವಿಯ ಬುಡದಲ್ಲೇ ಆಗಿರಬೇಕು. ಸಿಟ್ಟಿನ ಕಿವಿಗೆ ಅದು ಬಿದ್ದಿರಲಿಲ್ಲ.

ಮುಚ್ಚಳವನ್ನು ಸೂರ್ಯನಿಗೆ ಹಿಡಿದ. ಪೆಟ್ರೋಲು ಇಳಿದಷ್ಟೂ ಗಾಳಿ ಒಳಗೆ ಹೋಗಲೆಂದು ಅದರ ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಬೆಳಕು ದಾಟಲಿಲ್ಲ. ಕಸಬರಿಗೆ ಕಡ್ಡಿಯಿಂದ ಕೆದರಿದಾಗ ಗಾರೆಯಂತೆ ಗಟ್ಟಿಯಾದ ಬಿಳಿ ಚೂರು ಉದುರಿ ಅಂಗೈಗೆ ಬಿತ್ತು. ವಿಭೂತಿ. ದಿನದಿನವೂ ಭಕ್ತಿಯಿಂದ ಎಳೆದ ಅವನದೇ ಬೆರಳಿನ ಮೂರು ಎಳೆ ಗಾಡಿಯ ಮೂಗು ಮುಚ್ಚಿತ್ತು.

ಅವನು ಹೆಂಡತಿಯ ಕಡೆ ತಿರುಗಿದ. ಅಷ್ಟು ವರ್ಷ ಸಂಸಾರ ಮಾಡಿದವಳು ಆ ಮುಖ ನೋಡಲಾರದೆ, ನೆಲಕ್ಕೆ ಕಣ್ಣು ಹಾಕಿದಳು.

"ಮಜೀದನ ಮನಿಗಿ ಹೋಗಿ ಬರ್ರಿ," ಅಂದಳು ಕಡೆಗೆ.

"ಯಾವ ಬಾಯಿಲೆ ಹೋಗ್ಲಿ?"

"ಅಂದ ಬಾಯಿಲೇ ಹೋಗ್ರಿ."

ಹೋದ, ಕೋಟು ಇಲ್ಲದೆ ಹೋದ. ಹಿಂದೆ ನಿಂತಿದ್ದ ಶಾಂತಾಬಾಯಿಗೆ ಅವನ ಬೆನ್ನು ಅಷ್ಟು ಸಣ್ಣದೆಂದು ಆವತ್ತೇ ತಿಳಿದದ್ದು. ಮಜೀದನ ಅಂಗಡಿಯ ಮುಂದೆ ನಿಂತು ತಪ್ಪಾಯಿತು ಅಂದ. ಮಜೀದ ಡಬ್ಬಿ ಒರೆಸುವುದನ್ನು ನಿಲ್ಲಿಸಲಿಲ್ಲ.

"ಇಲ್ಲಿ ಯಾರದಾರ ಮಿಸ್ತ್ರಿ? ನಾನು, ನನ್ನ ಹೆಂಡ್ತಿ. ನಾ ಬೆರಸಿಲ್ಲಂತ ನಮಗ ಮೊದಲೇ ಗೊತ್ತಿತ್ತು. ಎಲ್ಲಿ ಅಂದೀದಿ, ಅಲ್ಲೇ ಅನ್ನು."

ಮುಂದಿನ ಸಂತೆಯ ದಿನ ಗಂಡಹೆಂಡಿರು ಭಾಲ್ಕಿಗೆ ಹೋದರು. ಅದೇ ಜಾಗದಲ್ಲಿ ನಿಂತು ವೈಜಿನಾಥ, "ಮಜೀದನ ಎಣ್ಣಿ ಚೊಕ್ಕ ಅದರೀ. ಕಸರು ನನ್ನ ಕೈಯಾಗ ಇತ್ತು, ತಪ್ಪು ನಂದು," ಎಂದ. ಮೆಣಸಿನಕಾಯಿ ಮಾರುವವನೊಬ್ಬ, "ಮಜೀದನ ಮನಿ ಊಟ ಭಾಳ ರುಚಿ ಇತ್ತೇನು ಮಿಸ್ತ್ರಿ?" ಎಂದು ಕೂಗಿದ. ಜನ ಘೊಳ್ಳೆಂದು ನಕ್ಕರು. "ಹೆದರ್ಸ್ಯಾರ ಪಾಪ," ಎಂದಿತು ಮತ್ತೊಂದು ದನಿ. ಗಿರಾಕಿಯ ಅಂತಸ್ತಿಗೆ ತಕ್ಕಂತೆ ಮಾತು ಉದ್ದ ಮಾಡಬಲ್ಲವನಿಗೆ ಅಲ್ಲಿ ಎರಡನೆಯ ಮಾತು ಹುಟ್ಟಲಿಲ್ಲ. ನಗದೆ ಉಳಿದವನು ಮಜೀದ ಒಬ್ಬನೇ. ಅವನು ಎಣ್ಣೆ ಸುರಿಯುವ ಆಲಿಕೆ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ಕೆಲವು ಗಿರಾಕಿಗಳು ಮರಳಿ ಬಂದರು. ಬಾರದವರೇ ಹೆಚ್ಚು.

ಕಿವಿ ಚುರುಕಾದ ಜನರಲ್ಲಿ ಇಂಥದೊಂದು ಕುಲವುಂಟು. ಪರರ ಕೇಡಿನ ಸದ್ದನ್ನು ಹಿಡಿದು ಹಿಡಿದು, ತಮ್ಮ ಕೈ ಮಾಡುವ ಸದ್ದು ಅವರಿಗೆ ಕೇಳಿಸದಾಗುತ್ತದೆ. ಕೆಟ್ಟವರಲ್ಲ, ಸುಳ್ಳರಂತೂ ಅಲ್ಲವೇ ಅಲ್ಲ. ಅದಕ್ಕೇ ಅವರ ತಪ್ಪು ಮಾತು ಸುಳ್ಳನ ಮಾತಿಗಿಂತ ಹೆಚ್ಚು ಉರಿಯುತ್ತದೆ. ಸುಳ್ಳನ ಮಾತನ್ನು ಊರ ಹೆಬ್ಬಾಗಿಲ ಅಗಸೆಯಲ್ಲೇ ತಡೆದು ವಿಚಾರಿಸುವ ಜನ ಇವರ ಮಾತಿಗೆ ಮನೆ ಮನೆಯ ಬಾಗಿಲು ತೆರೆಯುತ್ತಾರೆ; ನಾಚಿ, ನೊಂದು, ಹಿಂದಕ್ಕೆ ಕರೆಯಲು ಹೋದಾಗ ಆ ಮಾತಿಗೆ ಒಡೆಯನ ದನಿಯ ಗುರುತು ಹತ್ತುವುದಿಲ್ಲ.

ಮರುದಿನ ಶಾಂತಾಬಾಯಿ ಸೀಸೆಯನ್ನು ಕೈಯಲ್ಲೇ ಹಿಡಿದುಕೊಂಡು ಮಜೀದನ ಅಂಗಡಿಗೆ ಹೋದಳು. ಆಬೇದಾ ಎದ್ದು ಬಂದು ಎಣ್ಣೆ ಅಳೆದಳು. ಮನೆಗೆ ಬಂದು ಶಾಂತಾಬಾಯಿ ಕಂದೀಲು ಇಳಿಸಿ, ಬತ್ತಿಯ ಕರಿಕು ಕತ್ತರಿಸಿ, ಎಣ್ಣೆ ತುಂಬಿ, ಹಳೆಯ ಸೀರೆಯ ತುಂಡಿನಿಂದ ಗಾಜು ಒರೆಸತೊಡಗಿದಳು.