ಹರಕೆಯ ಹುಂಜ

ನನ್ನ ಗಂಡ ಸರ್ವೋತ್ತಮ ಸುಳ್ಳು ಹೇಳುವುದರಲ್ಲಿ ಕಡುದಡ್ಡರು. ಹೇಳಹೊರಟರೆ ಕಿವಿ ಕೆಂಪಾಗುತ್ತದೆ, ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಅಂಥವರು ಜೀವಮಾನದಲ್ಲಿ ಒಂದೇ ಒಂದು ಸುಳ್ಳನ್ನು ಸಲೀಸಾಗಿ ಹೇಳಿದರು. ಅದೂ ಯಾರ ಹೆಸರು ಹಿಡಿದು? ಕಾಪುವಿನ ಮಾರಿಯಮ್ಮನ ಹೆಸರು ಹಿಡಿದು.

ಎಪ್ಪತ್ತೆಂಟನೆಯ ಇಸವಿಯ ಕೊನೆ. ಕಾರ್ಕಳದಲ್ಲಿ ಇವರು ಲೆಕ್ಕ ಬರೆಯುತ್ತಿದ್ದ ಅಕ್ಕಿ ಮಿಲ್ಲು ಮುಚ್ಚಿತು. ಮಿಲ್ಲಿನ ಹಿಂದೆ ನಾವಿದ್ದ ಮನೆಯನ್ನೂ ಬಿಡಬೇಕಾಯಿತು. ಕಟಪಾಡಿಯ ಲಾರಿ ಆಫೀಸೊಂದರಲ್ಲಿ ಕೆಲಸವೇನೋ ಬೇಗ ಸಿಕ್ಕಿತು, ಬಿಡಾರ ಮಾತ್ರ ಸಿಗಲಿಲ್ಲ. ಅದಕ್ಕೆ ಕಾರಣ ನಾವಲ್ಲ, ಒಂದು ಬಿಳಿ ಹುಂಜ.

ಅದು ಮರಿಯಾಗಿದ್ದಾಗಲೇ ಅದರ ತಾಯಿಯನ್ನು ಮುಂಗುಸಿ ಹಿಡಿದಿತ್ತು. ಒಡಹುಟ್ಟಿದ ಮರಿಗಳನ್ನೆಲ್ಲ ಕಾಗೆ, ಗಿಡುಗ ಹಂಚಿಕೊಂಡವು. ಉಳಿದ ಈ ಒಂದನ್ನು ನನ್ನ ಮಗಳು ಪ್ರಫುಲ್ಲಾ ಅಪ್ಪನ ಹಳೆಯ ಬನಿಯನ್ನಿನಲ್ಲಿ ಸುತ್ತಿ, ಒಲೆಯ ಪಕ್ಕ ಇಟ್ಟುಕೊಂಡು ಬದುಕಿಸಿದ್ದಳು. ಬಲಗಾಲಿನ ಒಂದು ಬೆರಳು ಸೊಟ್ಟ. ಬೊಳ್ಳು ಎಂದು ಹೆಸರು. ಎಂಟು ವರ್ಷದ ನನ್ನ ಮಗಳಿಗೆ ಮಾತು ಬಹಳ ಕಡಿಮೆ. ನೆಂಟರು ಬಂದರೆ ಬಾಗಿಲ ಹಿಂದೆ ನಿಲ್ಲುವ ಹುಡುಗಿ. ನಮ್ಮ ಹತ್ತಿರ ಆಡದ ಮಾತನ್ನೆಲ್ಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಆ ಹುಂಜದ ಹತ್ತಿರ ಆಡುತ್ತಿದ್ದಳು. ಅದೂ ಕತ್ತು ಓರೆ ಮಾಡಿ ಕೇಳುತ್ತಿತ್ತು.

ಕಟಪಾಡಿಯಲ್ಲಿ ಒಬ್ಬರು ಕೋಳಿ ಎಂದ ಕೂಡಲೇ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಣಿಪಾಲದಲ್ಲಿ ಇನ್ನೊಬ್ಬರು, ಮಕ್ಕಳಾದರೆ ಅಡ್ಡಿಯಿಲ್ಲ, ಕೂಗುವ ಪ್ರಾಣಿ ಆಗದು ಎಂದರು. ಮೂರನೆಯ ಮನೆಯಿಂದ ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ತಾಳ್ಮೆ ಕೆಟ್ಟಿತು. ಒಂದು ಕೋಳಿಗಾಗಿ ಬೀದಿಯಲ್ಲಿ ನಿಲ್ಲುವುದಕ್ಕಾಗುವುದಿಲ್ಲ, ಈ ಆದಿತ್ಯವಾರ ಅದನ್ನು ಸಾರು ಮಾಡಿಬಿಡುವ ಎಂದೆ. ಪ್ರಫುಲ್ಲಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಆಮೇಲೆ ಎರಡು ದಿನ ನಾನು ಬಡಿಸಿದ್ದನ್ನು ಅವಳು ಮುಟ್ಟಲಿಲ್ಲ. ನನ್ನ ಬಾಯಿ ಮೊದಲಿನಿಂದಲೂ ಅಂಥದ್ದು. ಅದನ್ನು ನಾನು ಇಲ್ಲಿ ಮುಚ್ಚಿಡುವುದಿಲ್ಲ.

ನಾಲ್ಕನೆಯದು ಕಾಪುವಿನ ಸರಸಕ್ಕನ ಮನೆ. ಅರವತ್ತು ದಾಟಿದ ವಿಧವೆ, ಕಣ್ಣು ಸ್ವಲ್ಪ ಮಂದ, ನಾಲಗೆ ಮಂದವಲ್ಲ. ಮನೆಗೆ ತಾಗಿಸಿ ಕಟ್ಟಿದ ಎರಡು ಬಿಡಾರಗಳು. ಒಂದರಲ್ಲಿ ಬಟ್ಟೆ ಹೊಲಿಯುವ ಆಲಿಸ್ ಬಾಯಿ ಇದ್ದರು, ಇನ್ನೊಂದು ಖಾಲಿ. ಅಂಗಳದ ತುಂಬ ಮಲ್ಲಿಗೆ ಗಿಡ. ದಿನಾ ಬೆಳಿಗ್ಗೆ ಸರಸಕ್ಕ ಮೊಗ್ಗು ಕೊಯ್ದು, ಕಟ್ಟಿ, ಚೆಂಡು ಮಾಡಿ ಹೂ ಮಾರುವ ಕಟ್ಟೆಗೆ ಕಳಿಸುತ್ತಿದ್ದರು. ಅವರ ಅನ್ನ ಅದರಲ್ಲೇ.

"ಕೋಳಿಯಾ? ಆಗುವುದಿಲ್ಲ ಮಾರಾಯ್ರೇ," ಎಂದರು. "ಹಿಂದೆ ಇದ್ದವರ ಕೋಳಿ ಬುಡ ಕೆದರಿ ಕೆದರಿ ನನ್ನ ನಾಲ್ಕು ಗಿಡ ಕೊಂದಿತು. ನೀವು ಬೇರೆ ಕಡೆ ನೋಡಿ."

ನಾನು ಚಪ್ಪಲಿ ಹಾಕಿಕೊಂಡಾಗಿತ್ತು. ಆಗ ಇವರು ಬಾಯಿ ತೆರೆದರು.

"ಇದು ಸಾಕುವ ಕೋಳಿ ಅಲ್ಲ ಅಕ್ಕ. ಹರಕೆಯದ್ದು. ಸುಗ್ಗಿ ಮಾರಿಪೂಜೆಗೆ ಅಮ್ಮನಿಗೆ ಅಂತ ಬಿಟ್ಟದ್ದು."

ಕಿವಿ ಕೆಂಪಾಗಲಿಲ್ಲ. ಬೈರಾಸು ಹೆಗಲ ಮೇಲೆಯೇ ಇತ್ತು. ಸರಸಕ್ಕ ಕೂತಲ್ಲಿಂದ ಎದ್ದು, ಮಾರಿಗುಡಿಯ ದಿಕ್ಕಿಗೆ ಕೈ ಮುಗಿದರು. ಹರಕೆಗೆ ಬಿಟ್ಟದ್ದನ್ನು ಮಾರುವಂತಿಲ್ಲ, ಹೊಸ್ತಿಲಿನಿಂದ ಅಟ್ಟುವಂತಿಲ್ಲ. ಅದು ಇಲ್ಲಿ ಯಾರೂ ಯಾರಿಗೂ ಕಲಿಸಬೇಕಾದ ವಿಷಯವಲ್ಲ. "ಹಾಗಾದರೆ ಬೇರೆ ಮಾತು," ಎಂದು ಒಳಗೆ ಹೋಗಿ ಬೀಗದ ಕೈ ತಂದು ಕೊಟ್ಟರು. "ಪೂಜೆಯ ತನಕ ಕಟ್ಟಿ ಹಾಕಿಕೊಳ್ಳಿ. ಅಮ್ಮನದ್ದು ಅಂದ ಮೇಲೆ ಇಲ್ಲ ಅನ್ನುವುದಕ್ಕೆ ನಾನು ಯಾರು?"

ಒಳಗೆ ಬಂದು ಬಾಗಿಲು ಹಾಕಿದ ಮೇಲೆ ನಾನು ಇವರನ್ನು ಚೆನ್ನಾಗಿ ಝಾಡಿಸಿದೆ. "ನಿಮಗೆ ತಲೆ ಸರಿ ಉಂಟಾ? ಮಾರ್ಚಿಯಲ್ಲಿ ಪೂಜೆ ಬಂದಾಗ ಎಂತ ಮಾಡುತ್ತೀರಿ?"

"ಬೇರೆ ಒಂದು ಬಿಳಿ ಹುಂಜ ತಂದು ಒಪ್ಪಿಸಿದರಾಯಿತು," ಎಂದರು. "ಸರಸಕ್ಕನಿಗೆ ಕಣ್ಣು ಕಾಣುವುದು ಅಷ್ಟರಲ್ಲೇ ಉಂಟು. ಬೊಳ್ಳುವನ್ನು ನಾಲ್ಕು ದಿನ ಬೇರೆ ಎಲ್ಲಾದರೂ ಇಡುವ."

ಆಲಿಸ್ ಬಾಯಿಗೆ ವಿಷಯ ಗೊತ್ತಾದಾಗ ಹೊಲಿಗೆ ನಿಲ್ಲಿಸಿ ನಕ್ಕುಬಿಟ್ಟರು. ಶಿರ್ವದಲ್ಲಿ ಅವರ ತಮ್ಮ ಲೂಯಿಸ್‌ಗೆ ದೊಡ್ಡ ಹಿತ್ತಿಲಿತ್ತು. ಪೂಜೆಯ ಮುಂಚಿನ ದಿನ ಆತ ಬಂದು ಬೊಳ್ಳುವನ್ನು ಒಯ್ಯುವುದು, ಪೂಜೆ ಮುಗಿದ ಮೇಲೆ ಅಲ್ಲೇ ಇರಿಸಿಕೊಳ್ಳುವುದು, ಪ್ರಫುಲ್ಲಾ ಆದಿತ್ಯವಾರಗಳಲ್ಲಿ ಹೋಗಿ ನೋಡಿ ಬರುವುದು ಎಂದು ನಿಶ್ಚಯವಾಯಿತು. ಮಗಳಿಗೂ ಹೇಳಿದೆವು. ಅವಳು ಯೋಚನೆ ಮಾಡಿ, ಶಿರ್ವದಲ್ಲಿ ಮುಂಗುಸಿ ಉಂಟಾ ಎಂದು ಒಂದೇ ಪ್ರಶ್ನೆ ಕೇಳಿದಳು. ಇಲ್ಲ ಎಂದರು ಆಲಿಸ್ ಬಾಯಿ.

ಹಾಗೆ ಎರಡು ತಿಂಗಳು ಸುಖವಾಗಿಯೇ ಹೋಯಿತು. ಕಾಲಿಗೆ ಬಟ್ಟೆಯ ಪಟ್ಟಿ ಕಟ್ಟಿಕೊಂಡು ಬೊಳ್ಳು ಅಂಗಳದ ಮೂಲೆಯಲ್ಲಿ ರಾಜನಂತೆ ಬದುಕಿತು. ನಮ್ಮನ್ನು ಬಾಯಿತುಂಬ ಮಾತಾಡಿಸದ ಸರಸಕ್ಕ ಅದಕ್ಕೆ ದಿನಾ ಹಿಡಿ ನುಚ್ಚು ಹಾಕಿ ಕೈ ಮುಗಿಯುತ್ತಿದ್ದರು. ನನಗೆ ಒಳಗೊಳಗೆ ನಗು. ನಗುವಾಗ ಮುಂದಿನದು ಯಾರಿಗೆ ಗೊತ್ತಿರುತ್ತದೆ?

ಫೆಬ್ರವರಿಯ ಕೊನೆಗೆ ಪ್ರಫುಲ್ಲಾಗೆ ಮೈತುಂಬ ಸೀತಾಳೆಯ ಗುಳ್ಳೆ ಎದ್ದಿತು. ಡಾಕ್ಟರು ನೋಡಿ, ಈ ಸೆಖೆಗೆ ಎಲ್ಲ ಶಾಲೆಯಲ್ಲೂ ಉಂಟು, ಹೆದರಬೇಡಿ ಎಂದರು. ಮೂರು ದಿನ ನಾನೂ ಹೆದರಲಿಲ್ಲ. ಐದನೆಯ ದಿನ ಮಧ್ಯಾಹ್ನ ಜ್ವರ ಏರಿ, ಮಗು ಕರೆದರೆ ಓಗೊಡಲಿಲ್ಲ. ಕಣ್ಣು ಅರೆ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಇವರು ಆಫೀಸಿನಲ್ಲಿ. ಆಲಿಸ್ ಬಾಯಿ ಡಾಕ್ಟರನ್ನು ಕರೆತರಲು ಓಡಿದರು. ಸರಸಕ್ಕ ಕಹಿಬೇವಿನ ಸೊಪ್ಪು ತಂದು ಚಾಪೆಯ ಸುತ್ತ ಹರಡಿ, ನನ್ನ ಪಕ್ಕದಲ್ಲಿ ಕೂತರು.

"ಅಮ್ಮ ತನ್ನದನ್ನು ಕೇಳುವುದಕ್ಕೆ ಬಂದಿದ್ದಾಳೆ," ಎಂದರು. "ಹೆದರಬೇಡ ಮಗಾ. ಹಣೆ ಮುಟ್ಟಿ ಹೇಳು, ನಿನ್ನ ಕೋಳಿಯನ್ನು ನಿನಗೇ ಕೊಡುತ್ತೇವೆ ಅಂತ ಹೇಳು."

ನಾನು ಹೇಳಿದೆ. ಮಗುವಿನ ಸುಡುವ ಹಣೆಯ ಮೇಲೆ ಕೈಯಿಟ್ಟು, ಸೊಟ್ಟ ಬೆರಳಿನ ಆ ಹುಂಜವನ್ನೇ ಕಣ್ಣೆದುರು ತಂದುಕೊಂಡು, ಕೊಡುತ್ತೇವೆ ತಾಯೇ ಎಂದೆ. ಒಂದು ಸಲವಲ್ಲ, ಎಷ್ಟೋ ಸಲ. ಆ ಹೊತ್ತಿನಲ್ಲಿ ಕೇಳಿದ್ದರೆ ನನ್ನ ಕಣ್ಣನ್ನೂ ಕಿತ್ತು ಕೊಡುತ್ತಿದ್ದೆ.

ಡಾಕ್ಟರು ಬಂದು ಮದ್ದು ಕೊಟ್ಟರು. ಸಂಜೆಗೆ ಜ್ವರ ಇಳಿಯಿತು, ಮಗು ನೀರು ಕೇಳಿತು. ಮದ್ದಿನಿಂದಲೋ ಮಾತಿನಿಂದಲೋ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ಕಂಡರೆ ಸಿಟ್ಟು ಬರುತ್ತದೆ. ಹನ್ನೊಂದನೆಯ ದಿನ ತಲೆಗೆ ನೀರು ಹಾಕಿದೆ. ಅವಳು ಎದ್ದು ಮೊದಲು ಹೋದದ್ದು ಅಂಗಳದ ಮೂಲೆಗೆ.

ಕೊಟ್ಟ ಮಾತನ್ನು ಇವರಿಗೆ ಹೇಳಲಿಲ್ಲ. ಹೇಳಿದರೆ ತಮಾಷೆ ಮಾಡಿಯಾರು, ನಾನೂ ನಕ್ಕು ಮರೆತುಬಿಟ್ಟೇನು ಎಂಬ ಹೆದರಿಕೆ. ಪೂಜೆಯ ಮುಂಚಿನ ದಿನ, ಸೋಮವಾರ ಬೆಳಿಗ್ಗೆ, ಪ್ರಫುಲ್ಲಾ ಶಾಲೆಗೆ ಹೊರಡುವ ಮೊದಲು ಬೊಳ್ಳುವಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ, ಒಂದು ಪೊಟ್ಟಣ ನುಚ್ಚು ಕಟ್ಟಿ ನನ್ನ ಕೈಗೆ ಕೊಟ್ಟಳು. ಲೂಯಿಸ್ ಮಾಮನಿಗೆ ಕೊಡಬೇಕಂತೆ. ಹನ್ನೊಂದು ಗಂಟೆಗೆ ಇವರು ಬುಟ್ಟಿಯಲ್ಲಿ ಇನ್ನೊಂದು ಬಿಳಿ ಹುಂಜ ಹಿಡಿದು ಬಂದರು. ಲೂಯಿಸ್ ಸೈಕಲ್ಲನ್ನು ಗೇಟಿಗೆ ಒರಗಿಸಿ ನಿಂತಿದ್ದ. ಎಲ್ಲವೂ ಮಾತಾಡಿಕೊಂಡ ಹಾಗೆಯೇ ನಡೆದಿತ್ತು.

"ಬೇಡ," ಎಂದೆ ನಾನು.

"ಎಂತ ಬೇಡ?"

"ಬದಲಿ ಬೇಡ. ಬೊಳ್ಳುವನ್ನೇ ಕೊಡುವುದು. ನಾನು ಮಾತು ಕೊಟ್ಟಿದ್ದೇನೆ."

ನಡೆದದ್ದನ್ನು ಹೇಳಿದೆ. ಇವರು ಬುಟ್ಟಿಯನ್ನು ನೆಲಕ್ಕಿಟ್ಟರು. "ಕುಶಲಾ, ಆ ಸುಳ್ಳು ನಾನು ಮನೆಗೋಸ್ಕರ ಹೇಳಿದ್ದು. ಅಮ್ಮನಿಗೆ ಅಷ್ಟೂ ಗೊತ್ತಿರುವುದಿಲ್ಲವಾ?"

"ಗೊತ್ತಿರುತ್ತದೆ. ಅದಕ್ಕೇ ನನಗೆ ಹೆದರಿಕೆ."

ಆಲಿಸ್ ಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ನಮ್ಮಲ್ಲಿಯೂ ಹರಕೆ ಉಂಟು ಕುಶಲಾ," ಎಂದರು. "ಅತ್ತೂರಿನ ಇಗರ್ಜಿಗೆ ನಾನೂ ಮೇಣದ ಬತ್ತಿ ಹೊತ್ತಿದ್ದೇನೆ. ಆದರೆ ಅದು ನನ್ನದೇ ಬತ್ತಿ. ಈ ಕೋಳಿ ನಿಮ್ಮದಲ್ಲ, ಮಗುವಿನದ್ದು ಅಲ್ವಾ?"

"ನಿಮಗೆ ಮಕ್ಕಳಿಲ್ಲ ಬಾಯಮ್ಮ, ನಿಮಗೆ ಗೊತ್ತಾಗುವುದಿಲ್ಲ," ಎಂದುಬಿಟ್ಟೆ.

ಅವರು ಒಳಗೆ ಹೋಗಿ ಮಿಶನು ತುಳಿಯತೊಡಗಿದರು. ಲೂಯಿಸ್ ಬರಿಗೈಯಲ್ಲಿ ಸೈಕಲ್ಲು ಹತ್ತಿದ. ಬದಲಿ ಹುಂಜವನ್ನು ಇವರು ತಂದಲ್ಲಿಗೇ ಹಿಂದೆ ಕೊಟ್ಟು ಬಂದರು. ನಾನು ಬೊಳ್ಳುವನ್ನು ಸರಸಕ್ಕನ ಸೌದೆಕೊಟ್ಟಿಗೆಯಲ್ಲಿ ಬುಟ್ಟಿ ಮುಚ್ಚಿಟ್ಟೆ. ಸಂಜೆ ಮಗಳು ಬಂದು ಖಾಲಿ ಮೂಲೆ ನೋಡಿ, ಲೂಯಿಸ್ ಮಾಮ ಬುಟ್ಟಿಯನ್ನು ಮುಂದೆ ಕಟ್ಟಿದನಾ ಹಿಂದೆ ಕಟ್ಟಿದನಾ ಎಂದು ಕೇಳಿದಳು. ಮುಂದೆ ಎಂದೆ. ಮುಂದಾದರೆ ಅದಕ್ಕೆ ದಾರಿ ಕಾಣುತ್ತದೆ ಎಂದು ಅವಳಿಗೆ ಸಮಾಧಾನವಾಯಿತು.

ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಥಟ್ಟನೆ ನಿಂತಳು. "ಅಮ್ಮಾ, ಬೊಳ್ಳು ಕೂಗಿದ ಹಾಗೆ ಕೇಳಿತು."

"ಎಲ್ಲ ಹುಂಜವೂ ಹಾಗೇ ಕೂಗುವುದು," ಎಂದೆ.

ಇವರು ಅದನ್ನು ಹಿಡಿದುಕೊಂಡು ಬರಲು ಒಪ್ಪಲಿಲ್ಲ. ಲಾರಿ ಬಂದಿದೆ ಎಂದು ನೆಪ ಹೇಳಿ ಹೋದರು, ಆ ಸಲ ಕಿವಿ ಕೆಂಪಾಗಿತ್ತು. ಪೂಜೆಯ ಎರಡನೆಯ ದಿನ, ಕೋಳಿ ಒಪ್ಪಿಸುವ ಬುಧವಾರ, ಮಗಳು ಓರಗೆಯವರ ಜೊತೆ ಆಡಲು ಹೋದ ಹೊತ್ತಿನಲ್ಲಿ ಸರಸಕ್ಕನೂ ನಾನೂ ಹೊರಟೆವು. ದಾರಿಯ ತುಂಬ ಜನ. ಎಲ್ಲರ ಕೈಯಲ್ಲೂ ಕೋಳಿಗಳು ಕಾಲು ಕಟ್ಟಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದವು, ಬಡಿದಾಡುತ್ತಿದ್ದವು. ನನ್ನದು ಮಾತ್ರ ಕಂಕುಳಲ್ಲಿ ಕೂತು ಅತ್ತಿತ್ತ ನೋಡುತ್ತಿತ್ತು. ಎತ್ತಿಕೊಂಡವರು ಯಾರೂ ಅದಕ್ಕೆ ಕೆಟ್ಟದ್ದು ಮಾಡಿದ್ದೇ ಇಲ್ಲವಲ್ಲ. "ಮಗುವಿನ ಹಾಗೆ ಹಿಡಿದಿದ್ದೀರಿ," ಎಂದು ಯಾರೋ ನಕ್ಕರು. ಗುಡಿಯ ಎದುರು ಅದನ್ನು ಒಪ್ಪಿಸುವಾಗ ಕಂಕುಳಿನಿಂದ ಬಿಡಿಸಲು ಸ್ವಲ್ಪ ಕಷ್ಟವಾಯಿತು. ಸೊಟ್ಟ ಬೆರಳು ನನ್ನ ಸೀರೆಗೆ ಸಿಕ್ಕಿಕೊಂಡಿತ್ತು.

ಆ ಎರಡು ಕೋಣೆಯ ಬಿಡಾರಕ್ಕೋಸ್ಕರ ಶುರುವಾದದ್ದು ಇದೆಲ್ಲ. ಮುಂದಿನ ವರ್ಷ ಸರಸಕ್ಕನ ಮಗ ಮುಂಬಯಿಯಿಂದ ಸಂಸಾರ ಸಮೇತ ಬಂದ, ನಮ್ಮನ್ನು ಒಂದು ತಿಂಗಳಲ್ಲಿ ಎಬ್ಬಿಸಿದರು. ಅದು ಇರಲಿ.

ಗುಡಿಯ ಎದುರು ಕೊಯ್ದ ಹರಕೆಯ ಕೋಳಿ ಮನೆಗೆ ಬಂದ ಮೇಲೆ ಅದು ಪ್ರಸಾದ. ನಾನೇ ತುಂಡು ಮಾಡಿದೆ, ನಾನೇ ಕಾಯಿ ಕಡೆದೆ. ಪುಕ್ಕವನ್ನೆಲ್ಲ ಹೂತು ಬಂದೆ. ರೊಟ್ಟಿಯ ಮೇಲೆ ಸಾರು ಎರೆದು ಮಗಳ ಎದುರಿಗಿಟ್ಟೆ. ಒಂದು ತಿಂಗಳಿನಿಂದ ಗಂಜಿ, ಸಪ್ಪೆ ಪಲ್ಯ ತಿಂದ ಬಾಯಿ. ಮೂಗಿನಲ್ಲಿ ನೀರು ಸುರಿಸಿಕೊಂಡು, ಬೆರಳು ನೆಕ್ಕಿಕೊಂಡು ತಿನ್ನತೊಡಗಿದಳು. ಇವರು ಹೊಟ್ಟೆ ಸರಿ ಇಲ್ಲ ಎಂದು ಬಾಗಿಲ ಹೊರಗೆ ಕೂತಿದ್ದರು. ಆಲಿಸ್ ಬಾಯಿಯ ಮಿಶನಿನ ಸದ್ದು ಬೆಳಿಗ್ಗೆಯಿಂದ ಕೇಳಿಸಿರಲಿಲ್ಲ.

"ಶಿರ್ವಕ್ಕೆ ಈ ಆದಿತ್ಯವಾರವೇ ಹೋಗುವುದಾ?" ಎಂದು ಕೇಳಿದಳು ಮಗಳು, ಬಾಯಿ ತುಂಬ ತುತ್ತು ಇಟ್ಟುಕೊಂಡು.

ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಎರೆಯುತ್ತಿರುವಾಗಲೇ ಸರಸಕ್ಕ ಒಳಗೆ ಬಂದರು. ಕೈಯಲ್ಲಿ ಮಾರಾಟಕ್ಕೆ ಕಳಿಸದೆ ಉಳಿಸಿದ ಒಂದು ತುಂಡು ಮಲ್ಲಿಗೆ ಇತ್ತು. ಅಷ್ಟು ಪ್ರೀತಿಯಿಂದ ಅವರು ಯಾರನ್ನೂ ಮಾತಾಡಿಸಿದ್ದನ್ನು ನಾನು ಕಂಡಿರಲಿಲ್ಲ. ಹೂವನ್ನು ಅವಳ ಜಡೆಗೆ ಮುಡಿಸಿ, ತಲೆ ಸವರಿದರು.

"ತಿನ್ನು ಮಗಾ, ಚೆನ್ನಾಗಿ ತಿನ್ನು. ನಿನ್ನ ಬೊಳ್ಳು ನಿನ್ನ ಜೀವ ಉಳಿಸಿತು. ನಿನ್ನ ಅಮ್ಮ ಎಷ್ಟು ಚಂದ ಎತ್ತಿಕೊಂಡು ಹೋಗಿ ಒಪ್ಪಿಸಿದಳು ಗೊತ್ತುಂಟಾ?"

ಪ್ರಫುಲ್ಲಾ ಅಗಿಯುವುದನ್ನು ನಿಲ್ಲಿಸಿದಳು. ಅಳಲಿಲ್ಲ. ತಟ್ಟೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕೆನ್ನೆ ಉಬ್ಬಿತ್ತು, ತುಟಿ ಬಿಗಿಯಾಗಿತ್ತು. ಪ್ರಸಾದ ಉಗುಳಬಾರದು ಎಂದು ಅವಳಿಗೆ ನಾನೇ ಕಲಿಸಿದ್ದೆ. ಏನು ಮಾಡಬೇಕೆಂದು ತಿಳಿಯದೆ ಮಗು ನನ್ನನ್ನೇ ಕೇಳುತ್ತಿತ್ತು. ಉಗುಳು ಎಂದು ಹೇಳಬಹುದಿತ್ತು. ಸರಸಕ್ಕ ನೋಡುತ್ತಿದ್ದರು.

"ನುಂಗು," ಎಂದೆ.

ಅವಳು ನುಂಗಿದಳು.